ಎಂಜಿನ್ ಗಾಣದ ಮೊಕದ್ದಮೆ

ಅಣ್ಣ ಆಲೆಮನೆಗೆ ಎಂಜಿನ್ ತಂದಾಗ ನಾನು ತೌರಿನಲ್ಲಿದ್ದೆ. ನನ್ನನ್ನು ಅಜ್ಜಂಪುರಕ್ಕೆ ಕೊಟ್ಟಿದ್ದರು. ಮದುವೆಯಾದ ಕೆಲವೇ ವರ್ಷಕ್ಕೆ ಯಜಮಾನರು ವಿಷಮಜ್ವರದಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ಅಣ್ಣ ಗಾಡಿ ಕಟ್ಟಿಸಿಕೊಂಡು ಬಂದು, ಅತ್ತೆಯವರ ಹತ್ತಿರ ಮಾತಾಡಿ, ನನ್ನನ್ನು ಕರೆದುಕೊಂಡು ಹೋದ. ನಮ್ಮ ಊರು ತರೀಕೆರೆಯಿಂದ ಅಮೃತಾಪುರಕ್ಕೆ ಹೋಗುವ ದಾರಿಯಲ್ಲಿದೆ. ಕೆರೆಯ ನೀರು ಹಾಯುವಷ್ಟು ದೂರ ಭತ್ತ, ಕಬ್ಬು. ಅಲ್ಲಿಂದ ದಿಣ್ಣೆ ಏರಿದರೆ ರಾಗಿ ಹೊಲ, ತೆಂಗಿನ ತೋಟ. ಅಣ್ಣನಿಗೆ ಎರಡೂ ಕಡೆ ಭೂಮಿ ಇತ್ತು. ಊರಿನವರು ಅವನನ್ನು ಗೌಡರು ಎನ್ನುತ್ತಿದ್ದರು.

ನಾನು ಚಿಕ್ಕವಳಿದ್ದಾಗ ಅಪ್ಪ ತರೀಕೆರೆಯಲ್ಲಿ ಒಬ್ಬ ನೆಂಟರ ಮನೆಯಲ್ಲಿ ಬಿಟ್ಟು ಹೆಣ್ಣುಮಕ್ಕಳ ಸ್ಕೂಲಿಗೆ ಕಳಿಸಿದ್ದರು. ಓದಿದ್ದೆ, ಬರೆಯುತ್ತಿದ್ದೆ. ಅಣ್ಣನ ಮನೆಯಲ್ಲಿ ಅದಕ್ಕೆ ಹೆಚ್ಚು ಕೆಲಸವಿರಲಿಲ್ಲ. ಅತ್ತಿಗೆ ಒಳಗಿನ ಅಡಿಗೆ ನೋಡಿಕೊಳ್ಳುತ್ತಿದ್ದರು. ಆಳುಗಳ ಊಟ, ಉಗ್ರಾಣ, ಸುಗ್ಗಿಯಲ್ಲಿ ಆಲೆಮನೆಗೆ ಬುತ್ತಿ ಕಳಿಸುವುದು ನನ್ನ ಪಾಲಿಗೆ ಬಂದಿತ್ತು. ನಾನೇ ಬುತ್ತಿಯ ಹಿಂದೆ ಹೋಗಿ ಬಡಿಸಿ ಬರುತ್ತಿದ್ದದ್ದೂ ಉಂಟು. ಮನೆಯಲ್ಲಿ ಕೂತಿರುವುದಕ್ಕಿಂತ ಅದು ಮೇಲು ಎನಿಸುತ್ತಿತ್ತು.

ಮೊದಲು ಇದ್ದದ್ದು ಎತ್ತಿನ ಗಾಣ. ಮೂರು ಕಬ್ಬಿಣದ ಉರುಳೆ, ಮೇಲೊಂದು ಉದ್ದನೆಯ ತೊಲೆ, ಅದನ್ನು ಎಳೆಯುತ್ತ ಸುತ್ತುವ ಜೋಡಿ ಎತ್ತು. ಗಾಣದ ಪಕ್ಕದಲ್ಲಿ ಒಂದು ಕುಳಿ ತೋಡಿ, ಅದರಲ್ಲಿ ಒಬ್ಬ ಕುಳಿತು ಉರುಳೆಯ ಬಾಯಿಗೆ ಕಬ್ಬು ಕೊಡುತ್ತಿದ್ದ. ಕಬ್ಬಿನ ಹಾಲು ಡಬ್ಬಕ್ಕೆ ಇಳಿಯುತ್ತಿತ್ತು. ಅದನ್ನು ಹೊತ್ತು ಕೊಪ್ಪರಿಗೆಗೆ ಸುರಿಯುವವರು, ಒಲೆಗೆ ಸಿಪ್ಪೆ ಹಾಕುವವರು, ಪಾಕ ನೋಡುವವನು ಬೇರೆ. ಬೆಳಗಾಗುವ ಮೊದಲೇ ಶುರುವಾದ ಕೆಲಸ ಕತ್ತಲಾಗುವ ತನಕ ನಡೆಯುತ್ತಿತ್ತು. ಆದರೆ ಎತ್ತು ದಣಿಯುತ್ತದೆ. ಅದನ್ನು ಬಿಚ್ಚಿ, ನೀರಿಗೆ ಬಿಟ್ಟು, ಬೇರೆ ಜೋಡಿ ಕಟ್ಟುವ ಹೊತ್ತಿಗೆ ಕುಳಿಯಲ್ಲಿದ್ದವನು ಮೇಲೆ ಬಂದು ಸೊಂಟ ನೆಟ್ಟಗೆ ಮಾಡಿಕೊಂಡು ಬೀಡಿ ಹಚ್ಚುತ್ತಿದ್ದ. ಅವನಿಗೆ ಇಂಥ ಹೊತ್ತಿಗೆ ಬಿಡುವು ಎಂದು ಯಾರೂ ಹೇಳಿದ್ದಿಲ್ಲ. ಎತ್ತಿಗೆ ಸಿಕ್ಕಿದ ಬಿಡುವು ಅವನಿಗೂ ಸಿಗುತ್ತಿತ್ತು, ಅಷ್ಟೇ.

ಎಂಜಿನ್ ಬಂದ ಮೇಲೆ ಆ ಬಿಡುವು ಹೋಯಿತು. ಸೀಮೆಎಣ್ಣೆ ಇರುವ ತನಕ ಅದು ನಿಲ್ಲುತ್ತಿರಲಿಲ್ಲ. ಬೀರೂರಿನ ಕಡೆಯಿಂದ ಒಬ್ಬ ಡ್ರೈವರ್ ಬಂದಿದ್ದ. ಅದನ್ನು ಶುರು ಮಾಡುವುದು, ನಿಲ್ಲಿಸುವುದು ಅವನೊಬ್ಬನಿಗೇ ಗೊತ್ತಿತ್ತು. ಗಾಣ ಬೇಗ ಅರೆಯುತ್ತಿದ್ದುದರಿಂದ ಅಣ್ಣನ ಕಬ್ಬು ಬೇಗ ಮುಗಿಯಿತು. ಅಕ್ಕಪಕ್ಕದ ರೈತರು ಬಂದು ತಮ್ಮ ಕಬ್ಬನ್ನೂ ಅರೆದುಕೊಡಿ ಎಂದು ಕೇಳಿದರು. ಅಣ್ಣ ಒಪ್ಪಿದ. ಬಾಡಿಗೆಯನ್ನು ಅವರು ಬೆಲ್ಲದ ರೂಪದಲ್ಲಿ ಕೊಡುತ್ತಿದ್ದರು. ಆ ಬೆಲ್ಲವನ್ನು ನಮ್ಮ ಬೆಲ್ಲದ ಜತೆ ಸೇರಿಸದೆ ಅಟ್ಟದ ಇನ್ನೊಂದು ಮೂಲೆಯಲ್ಲಿ ಇಡಿಸುತ್ತಿದ್ದವಳು ನಾನು.

ಕಬ್ಬು ಕೊಡುವ ಕುಳಿಯಲ್ಲಿ ಕೂರುತ್ತಿದ್ದವನು ನಮ್ಮ ಮನೆಯ ವರ್ಷದ ಆಳು. ಅಪ್ಪನ ಕಾಲದಿಂದ ಇದ್ದವನು. ಅವನ ನಿಜವಾದ ಕೆಲಸ ಉಳುಮೆ. ಉದ್ದಕ್ಕೆ ಬೆಳೆದ ಮನುಷ್ಯ, ಮಾತು ಕಡಿಮೆ. ಆಡುವ ಮಾತನ್ನೆಲ್ಲ ಎತ್ತುಗಳ ಹತ್ತಿರ ಆಡಿ ಮುಗಿಸಿರುತ್ತಿದ್ದ. ಅವನ ಹೆಂಡತಿ ನಮ್ಮ ಕೊಟ್ಟಿಗೆಯಲ್ಲಿ ಕಸ ಬಾಚಿ, ಹುಲ್ಲು ಹೊತ್ತು ತರುತ್ತಿದ್ದಳು. ಕುಳ್ಳಗಿನ ಹೆಂಗಸು. ಅವಳ ದನಿ ಊರ ಹೊರಗಿನ ಅವರ ಕೇರಿಯಿಂದ ನಮ್ಮ ಹಿತ್ತಿಲಿಗೆ ಕೇಳಿಸುತ್ತಿತ್ತು.

ಅದು ನಡೆದ ದಿನ ಮಧ್ಯಾಹ್ನದ ಬುತ್ತಿ ತಡವಾಗಿತ್ತು. ನಾನು ಆಲೆಮನೆಗೆ ಹೋದಾಗ ಹೊತ್ತು ಇಳಿಯುತ್ತಿತ್ತು. ಎಲ್ಲರೂ ಒಬ್ಬೊಬ್ಬರಾಗಿ ಬಂದು ಉಣ್ಣುತ್ತಿದ್ದರು. ಡ್ರೈವರ್ ಮೊದಲೇ ಉಂಡು, ಕೈ ತೊಳೆದು ಬರುತ್ತೇನೆಂದು ತೂಬಿನ ಕಡೆ ಹೋಗಿದ್ದ. ಕುಳಿಯಲ್ಲಿದ್ದವನನ್ನು ಕರೆದೆ.

"ಈ ಹೊರೆ ಮುಗಿಸ್ಬಿಟ್ಟು ಬತ್ತೀನಿ ಅಕ್ಕೋರೆ" ಎಂದ.

ಕಬ್ಬಿನ ಗರಿ ಕೊಯ್ಯುತ್ತದೆಂದು ಅವನು ಅಂಗೈಗೆ ಹಳೆಯ ಬಟ್ಟೆ ಸುತ್ತಿಕೊಂಡಿದ್ದ. ಅದರ ತುದಿ ಸಡಿಲವಾಗಿ ಕಬ್ಬಿನ ಜತೆ ಉರುಳೆಗೆ ಹೋಯಿತು. ನಾನು ಅದನ್ನು ಕಾಣಲಿಲ್ಲ. ಅವನು "ಹೋ, ಹೋ" ಎಂದು ಕೂಗಿದ್ದು ಕೇಳಿಸಿತು. ಎತ್ತುಗಳನ್ನು ನಿಲ್ಲಿಸುವ ಕೂಗು ಅದು. ಎತ್ತಿನ ಗಾಣವಾಗಿದ್ದರೆ ಅಷ್ಟಕ್ಕೇ ನಿಲ್ಲುತ್ತಿತ್ತು. ಪಾಕದವನು ಓಡಿಬಂದು ಗಳುವಿನಿಂದ ಬೆಲ್ಟನ್ನು ಚಕ್ರದಿಂದ ತಳ್ಳಿ ಕೆಡವುವ ಹೊತ್ತಿಗೆ ಬಲಗೈ ಮುಂಗೈಯ ತನಕ ಒಳಗೆ ಹೋಗಿತ್ತು.

ಉರುಳೆಯನ್ನು ಹಿಂದಕ್ಕೆ ತಿರುಗಿಸಿ ಬಿಡಿಸಿದರು. ನಾನು ಬುತ್ತಿಗೆ ಕಟ್ಟಿದ್ದ ಬಟ್ಟೆ ಹರಿದು ಮೊಣಕೈ ಮೇಲೆ ಬಿಗಿಯಾಗಿ ಕಟ್ಟಿದೆ. ಯಾರು ಹೇಳಿಕೊಟ್ಟಿದ್ದರೋ ನೆನಪಿಲ್ಲ. ಅಣ್ಣ ಮನೆಯಿಂದ ಓಡಿ ಬಂದ. ತಾನೇ ಗಾಡಿ ಹೊಡೆದುಕೊಂಡು ತರೀಕೆರೆ ಆಸ್ಪತ್ರೆಗೆ ಕರೆದೊಯ್ದ. ಆವತ್ತು ಅಣ್ಣ ಎತ್ತುಗಳನ್ನು ಹೊಡೆದ ಹಾಗೆ ಎಂದೂ ಹೊಡೆದಿರಲಿಲ್ಲವೆಂದು ಜತೆಗೆ ಹೋದವರು ಹೇಳಿದರು. ಡಾಕ್ಟರು ಮೊಣಕೈ ಕೆಳಗೆ ಕತ್ತರಿಸಿ ತೆಗೆದರು. ಜೀವ ಉಳಿಯಿತು.

ಅವನು ಇನ್ನೂ ಆಸ್ಪತ್ರೆಯಲ್ಲಿ ಇರುವಾಗಲೇ ಒಂದು ಬೆಳಗ್ಗೆ ಅವನ ಹೆಂಡತಿ ಹಿತ್ತಿಲ ಬಾಗಿಲಿಗೆ ಬಂದಳು.

"ಅಕ್ಕೋರೆ, ಡಾಕ್ಟ್ರು ಏನೋ ಕಾಯ್ದೆ ಐತೆ ಅಂದ್ರು. ಎತ್ತಿನ ಗಾಣ ಆಗಿದ್ರೆ ಇಲ್ವಂತೆ. ಎಂಜಿನ್ ಗಾಣ ಆದ್ರಿಂದ ಐತಂತೆ. ನಂಗೊಂದೂ ತಿಳೀಲಿಲ್ಲ. ನೀವು ಓದಿದೋರು, ಹೇಳಿ."

ನನಗೂ ತಿಳಿದಿರಲಿಲ್ಲ. ಕೆಲಸ ಮಾಡುವಾಗ ಕೈಕಾಲು ಹೋದರೆ ಕಾರ್ಖಾನೆಯವರು ಪರಿಹಾರ ಕೊಡಬೇಕೆಂದು ಮಹಾರಾಜರ ಸರ್ಕಾರ ಕಾಯಿದೆ ಮಾಡಿದೆ ಎಂದು ಎಲ್ಲೋ ಕೇಳಿದ್ದೆ. ಕೋಲಾರದ ಗಣಿಯವರಿಗೆ, ಬೆಂಗಳೂರಿನ ಗಿರಣಿಯವರಿಗೆ ಇರಬೇಕು ಎಂದುಕೊಂಡಿದ್ದೆ. ನಮ್ಮ ಕೆರೆಯ ಕೆಳಗೆ ಅದಕ್ಕೇನು ಕೆಲಸ? ಹಾಗೆಂದು ಅವಳಿಗೆ ಹೇಳಿ, ಅಣ್ಣನ ಹತ್ತಿರ ಮಾತಾಡುತ್ತೇನೆ ಎಂದೆ.

ಅಣ್ಣ ಜಗಲಿಯ ಮೇಲೆ ಕೂತಿದ್ದ. ನಾನು ಹೇಳಿದ್ದನ್ನು ಕೇಳಿ ಅವನಿಗೆ ಸಿಟ್ಟು ಬರಲಿಲ್ಲ, ಆಶ್ಚರ್ಯವಾಯಿತು.

"ಕಾಯ್ದೆ ಯಾಕೆ? ನಾನು ಅವನನ್ನ ಬಿಟ್ಬಿಡ್ತೀನಾ? ತೆಂಗಿನ ತೋಟ ಕಾಯ್ಲಿ. ಬದುಕಿರೋ ತನಕ ರಾಗಿ ಬಟ್ಟೆ ನಂದು. ಅಪ್ಪ ಇದ್ದಿದ್ರೂ ಅಷ್ಟೇ ಮಾಡೋರು."

ಅವನು ಹಾಗೆ ಹೇಳಿದ್ದು ಬಾಯಿಮಾತಿಗಲ್ಲ. ನನಗೆ ಅಣ್ಣನ ಸ್ವಭಾವ ಗೊತ್ತು. ಮಾತಿನಂತೆ ನಡೆಯುತ್ತಿದ್ದ. ನಾನು ಇದನ್ನು ಅವಳಿಗೆ ಹೇಳಿದೆ. ಅವಳು ದನಿ ತಗ್ಗಿಸಿದಳು. ಅವಳು ತಗ್ಗಿದ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಗೌಡ್ರು ದೊಡ್ಡೋರು. ಇಲ್ಲ ಅನ್ನಲ್ಲ. ಅವರು ಇರೋ ತನಕ ಸರಿ. ಆಮೇಲೆ? ಮತ್ತೆ ಅಕ್ಕೋರೆ, ಕೊಟ್ಟಾಗ ಇಸ್ಕೊಳ್ಳೋದು ಬೇರೆ, ನಂದು ಅಂತ ಇಸ್ಕೊಳ್ಳೋದು ಬೇರೆ."

ಅವಳ ಗಂಡನಿಗೆ ಈ ಯೋಚನೆ ಇರಲಿಲ್ಲ. ಅವನಿಗೆ ತೋಟ ಕಾಯುವ ಮಾತೇ ಸರಿ ಕಂಡಿತ್ತು. ಆಸ್ಪತ್ರೆಯ ಮಂಚದ ಮೇಲೆ ಕೂತು, "ಗೌಡ್ರ ಮೇಲೆ ಹೋಗೋದಾ? ನಾಳೆ ಯಾವ ಮುಖ ಇಟ್ಕೊಂಡು ಊರಲ್ಲಿರೋದು?" ಎಂದನಂತೆ. ಅವಳು ಬಿಡಲಿಲ್ಲ. ಡಾಕ್ಟರೇ ತರೀಕೆರೆಯ ಒಬ್ಬ ಯುವಕ ವಕೀಲರ ಮನೆ ತೋರಿಸಿದರು. ಆ ವಕೀಲರು ಹೊಸದಾಗಿ ಬೋರ್ಡು ಹಾಕಿಕೊಂಡಿದ್ದರು. ಕೈಯಲ್ಲಿ ಕೆಲಸ ಹೆಚ್ಚಿರಲಿಲ್ಲ. ಕಾಯಿದೆಯ ಪುಸ್ತಕ ಮಾತ್ರ ಓದಿಕೊಂಡಿದ್ದರು. ಅರ್ಜಿ ಹಾಕಿಸಿದರು.

ಅರ್ಜಿಯ ವಿಚಾರ ಊರಿಗೆ ತಿಳಿದ ದಿನ ಅಣ್ಣ ಊಟ ಮಾಡಲಿಲ್ಲ. ಅವನಿಗೆ ಕೊಡಬೇಕಾದ ಹಣದ ಚಿಂತೆ ಇರಲಿಲ್ಲ. "ನನ್ನ ಮಾತಿಗೆ ಬೆಲೆ ಇಲ್ಲ ಅಂತ ಸರ್ಕಾರದ ಮುಂದೆ ಹೋಗಿ ಹೇಳಿದ ಹಾಗಾಯ್ತು" ಎಂದ. ಮಾರನೆಯ ದಿನವೇ ಕಡೂರಿಗೆ ಹೋಗಿ ವಯಸ್ಸಾದ, ಹೆಸರು ಮಾಡಿದ ವಕೀಲರೊಬ್ಬರನ್ನು ಹಿಡಿದುಕೊಂಡು ಬಂದ.

ಕಡೂರಿನ ವಕೀಲರು ನಮ್ಮ ಮನೆಯಲ್ಲೇ ಊಟ ಮಾಡಿದರು. ಅವರು ಅಣ್ಣನಿಗೆ ವಿವರಿಸಿದ್ದನ್ನು ನಾನು ಬಾಗಿಲ ಹಿಂದೆ ನಿಂತು ಕೇಳಿದೆ. ಹೊಲದ ಆಳಿಗೆ ಕಾಯಿದೆಯಲ್ಲಿ ಏನೂ ಇಲ್ಲ. ಉಳುವಾಗ ನೇಗಿಲ ಗುಳ ತಾಗಲಿ, ಮರದಿಂದ ಬೀಳಲಿ, ಹಾವು ಕಚ್ಚಲಿ, ಧಣಿ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಯಂತ್ರವಿಟ್ಟು ನಡೆಸುವ ಕಾರ್ಖಾನೆಗೆ ಮಾತ್ರ ಕಾಯಿದೆ. ಆದ್ದರಿಂದ ಆಲೆಮನೆ ಬೇಸಾಯದ ಒಂದು ಭಾಗ ಎಂದು ತೋರಿಸಬೇಕು. ತನ್ನ ಗದ್ದೆಯ ಕಬ್ಬನ್ನು ತಾನು ಅರೆದುಕೊಂಡರೆ ಅದು ಬೇಸಾಯ. ಊರವರ ಕಬ್ಬನ್ನು ಬಾಡಿಗೆಗೆ ಅರೆದರೆ ಮಾತ್ರ ಕಷ್ಟ.

"ಬೇರೆಯವರದ್ದು ಅರೆದಿದ್ದೀರಾ?" ಎಂದು ಅವರು ಕೇಳಿದರು.

ಅಣ್ಣ ಎಲೆಅಡಿಕೆ ತಟ್ಟೆ ಮುಂದೆ ಸರಿಸಿದ. ವಕೀಲರು ಅದನ್ನು ಹತ್ತಿರಕ್ಕೆ ಎಳೆದುಕೊಂಡು, "ಅವರೆಲ್ಲ ಕಬ್ಬನ್ನ ನಿಮಗೆ ಮಾರಿದ್ದರು ಅನ್ನಿ. ಮಾರಿದ ಮೇಲೆ ಅದು ನಿಮ್ಮದೇ" ಎಂದರು.

ಅಣ್ಣ ಕೇಳಿದಾಗ ರೈತರು ಹಾಗೇ ಹೇಳಲು ಒಪ್ಪಿದರು. ಬಲವಂತವೇನೂ ಆಗಲಿಲ್ಲ. ಮುಂದಿನ ವರ್ಷವೂ ಅವರಿಗೆ ಗಾಣ ಬೇಕಾಗಿತ್ತು.

ಯುವಕ ವಕೀಲರು ಸಾಕ್ಷಿಗಳಲ್ಲಿ ನನ್ನನ್ನೂ ಸೇರಿಸಿದ್ದರು, ಅಪಘಾತದ ಹೊತ್ತಿಗೆ ನಾನು ಅಲ್ಲಿದ್ದೆನೆಂದು. ನನಗೆ ಸಮನ್ಸು ಬಂದಾಗ ಅತ್ತಿಗೆ ಅದನ್ನು ಮುಟ್ಟಲೂ ಇಲ್ಲ. ನಮ್ಮ ಕಡೆ ಹೆಂಗಸರು ಕಚೇರಿ ಮೆಟ್ಟಿಲು ಹತ್ತುವುದೆಂದರೆ ಆಸ್ತಿ ಹೋಗುವಾಗ ಮಾತ್ರ. ಅಣ್ಣ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ:

"ಕೈ ಸಿಕ್ಕಿದ್ದು ಹೇಗೆ ಅಂತ ಕೇಳ್ತಾರೆ. ಕಂಡದ್ದು ಹೇಳು. ಬೇರೆ ಏನೂ ಕೇಳಲ್ಲ. ಕೇಳಿದರೆ, ಗಂಡಸರ ವ್ಯವಹಾರ ನಂಗೆ ಗೊತ್ತಿಲ್ಲ ಅನ್ನು."

"ಆಗಲಿ" ಎಂದೆ. ಆಗ ನಾನು ಮನಸ್ಸಿನಲ್ಲಿ ಬೇರೆ ಏನನ್ನೂ ಇಟ್ಟುಕೊಂಡಿರಲಿಲ್ಲ.

ಇಂಥ ಅರ್ಜಿಗಳನ್ನು ಕೇಳುವ ಜಿಲ್ಲೆಯ ಸಾಹೇಬರು ತರೀಕೆರೆಯ ಬಂಗಲೆಯಲ್ಲಿ ಮೊಕ್ಕಾಂ ಮಾಡಿದ್ದಾಗ ವಿಚಾರಣೆ ಇಟ್ಟರು. ಅಣ್ಣನೂ ನಾನೂ ಒಂದೇ ಗಾಡಿಯಲ್ಲಿ ಹೋದೆವು. ಗಾಡಿಯ ಕುಲುಕಾಟಕ್ಕೆ ನನಗೆ ಬೆನ್ನು ನೋಯುತ್ತದೆಂದು ಅವನು ಹುಲ್ಲಿನ ಮೇಲೆ ಎರಡು ಕಂಬಳಿ ಹಾಸಿಸಿದ್ದ. ಬಂಗಲೆಯ ಜಗಲಿಯಲ್ಲಿ ಒಂದು ಮೇಜು. ಸಾಹೇಬರು ಪೇಟ ಸುತ್ತಿದ್ದ, ತೆಳ್ಳಗಿನ ಮನುಷ್ಯ. ನೆಗಡಿಯಾಗಿತ್ತು, ಮಾತಿನ ನಡುವೆ ಕರವಸ್ತ್ರ ತೆಗೆಯುತ್ತಿದ್ದರು. ಅಂಗಳದ ಬೇವಿನ ಮರದ ಕೆಳಗೆ ನಮ್ಮ ಆಳು, ಅವನ ಹೆಂಡತಿ. ಅವನು ಅಣ್ಣನನ್ನು ಕಂಡು ಎದ್ದು ನಿಂತ. ಎರಡು ಕೈ ಜೋಡಿಸಲು ಹೋಗಿ, ಆಗದೆ, ಎಡಗೈ ಎದೆಯ ಹತ್ತಿರ ಹಿಡಿದ. ಅಣ್ಣ ತಲೆಯಾಡಿಸಿ ಮುಂದೆ ಹೋದ.

ರೈತರು ಒಬ್ಬೊಬ್ಬರಾಗಿ ಪ್ರಮಾಣ ಮಾಡಿ ಕಬ್ಬು ಮಾರಿದ್ದೆವು ಎಂದರು. ಕಡೂರಿನ ವಕೀಲರು ಚೆನ್ನಾಗಿ ಮಾತಾಡಿದರು.

"ಕಬ್ಬು ನೆಡುವುದು ಬೇಸಾಯ, ಕಡಿಯುವುದು ಬೇಸಾಯ, ಅರೆಯುವುದು ಮಾತ್ರ ಕಾರ್ಖಾನೆಯೆ? ರಾಗಿ ಬೆಳೆದವನು ಕಣದಲ್ಲಿ ರಾಗಿ ಬಡಿದರೆ ಆ ಕಣವೂ ಕಾರ್ಖಾನೆಯೆ? ಇವನು ನನ್ನ ಕಕ್ಷಿದಾರರ ಹೊಲದ ಆಳು. ಬೆಳಗ್ಗೆ ಉಳುತ್ತಾನೆ, ಸಂಜೆ ಹುಲ್ಲು ತರುತ್ತಾನೆ. ಗಾಣದ ಹತ್ತಿರ ಕೂತ ಮಾತ್ರಕ್ಕೆ ಬೇರೆ ಮನುಷ್ಯನಾಗುತ್ತಾನೆಯೆ?"

ನನಗೆ ಅದು ನಿಜವೆನ್ನಿಸಿತು. ಅವನು ಬೇರೆ ಮನುಷ್ಯನಾಗಿರಲಿಲ್ಲ. ಸಾಹೇಬರೂ ತಲೆದೂಗಿ ಏನನ್ನೋ ಬರೆದುಕೊಂಡರು.

ನನ್ನ ಸರದಿ ಬಂದಾಗ ಕುರ್ಚಿ ಹಾಕಿಸಿದರು. ನಾನು ಕೂರಲಿಲ್ಲ. ಕೈ ಸಿಕ್ಕಿದ್ದನ್ನು ಹೇಳಿದೆ, ಡ್ರೈವರ್ ಇರಲಿಲ್ಲವೆಂದೂ ಹೇಳಿದೆ. ಯುವಕ ವಕೀಲರು ಎರಡು ಪ್ರಶ್ನೆ ಕೇಳಿ, ಮುಂದೇನು ಕೇಳಬೇಕೆಂದು ತೋಚದೆ ನಿಂತುಬಿಟ್ಟರು. ಆಗ ಸಾಹೇಬರೇ ಕೇಳಿದರು:

"ಅಮ್ಮಾ, ಆ ದಿನ ಅರೆಯುತ್ತಿದ್ದದ್ದು ಯಾರ ಕಬ್ಬು?"

ಕಡೂರಿನ ವಕೀಲರು ಎದ್ದರು. "ಇವರು ಮನೆಯೊಳಗಿರುವ ಹೆಂಗಸರು ಸ್ವಾಮಿ. ಆಲೆಮನೆಯ ವ್ಯವಹಾರ ಇವರಿಗೇನು ಗೊತ್ತು?"

"ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನುತ್ತಾರೆ" ಎಂದರು ಸಾಹೇಬರು.

ನಾನು ಅಣ್ಣನ ಕಡೆ ನೋಡಲಿಲ್ಲ. ಮೇಜಿನ ಕಾಲು ನೋಡುತ್ತಿದ್ದೆ.

"ನಮ್ಮದಲ್ಲ. ನಮ್ಮ ಕಬ್ಬು ಅದಕ್ಕೆ ಮೊದಲೇ ಮುಗಿದಿತ್ತು" ಎಂದೆ.

"ಮತ್ತೆ ಯಾರದು?"

ನಾನು ಆ ರೈತನನ್ನು ತೋರಿಸಿದೆ. ಅವನು ಆಗ ತಾನೆ ಪ್ರಮಾಣ ಮಾಡಿ ಹೋಗಿ ಮರದ ನೆರಳಿನಲ್ಲಿ ಕೂತಿದ್ದ. "ಅವರು ಕಬ್ಬು ಮಾರಿದ್ದರಂತಲ್ಲ?" ಎಂದರು ಸಾಹೇಬರು. ಕಬ್ಬು ಯಾರದೋ ಅವರೇ ಬೆಳಗ್ಗೆ ಗಾಣಕ್ಕೆ ಪೂಜೆ ಮಾಡಿ ಕಾಯಿ ಒಡೆಯುವುದು ವಾಡಿಕೆಯೆಂದೂ, ಆವತ್ತು ಕಾಯಿ ಒಡೆದವರು ಅವರೆಂದೂ, ಒಂದು ಹೋಳನ್ನು ನಮ್ಮ ಮನೆಗೆ ಕಳಿಸಿದ್ದರೆಂದೂ ಹೇಳಿದೆ. ಬಾಡಿಗೆ ಬರುತ್ತಿತ್ತೆ ಎಂದು ಕೇಳಿದರು. ಬೆಲ್ಲ ಬರುತ್ತಿತ್ತು, ನಾನೇ ಬೇರೆ ಇಡಿಸುತ್ತಿದ್ದೆ ಎಂದೆ.

ಸಾಹೇಬರು ಆ ರೈತನನ್ನು ಮತ್ತೆ ಕರೆಸಿದರು.

"ಆವತ್ತು ಗಾಣಕ್ಕೆ ಕಾಯಿ ಒಡೆದದ್ದು ನೀನೇನಯ್ಯ?"

ಕಬ್ಬು ಮಾರಿದ್ದೆ ಎನ್ನಲು ಅವನಿಗೆ ಕಷ್ಟವಾಗಿರಲಿಲ್ಲ. ದೇವರ ಮುಂದೆ ಒಡೆದ ಕಾಯಿಯನ್ನು ಇಲ್ಲವೆನ್ನಲು ಬಾಯಿ ಬರಲಿಲ್ಲ. "ಒಡೆದೆ ಸ್ವಾಮಿ" ಎಂದು ನೆಲ ನೋಡಿದ. ಸಾಹೇಬರು ಮೂಗು ಒರೆಸಿಕೊಂಡು ಬರೆಯತೊಡಗಿದರು.

ನನ್ನದು ಧೈರ್ಯವೆಂದು ಆಮೇಲೆ ಕೆಲವರು ಹೇಳಿದರು. ಕೊಬ್ಬು ಎಂದವರೂ ಇದ್ದರು. ನನಗೆ ಆ ಹೊತ್ತಿಗೆ ಎರಡೂ ಅನ್ನಿಸಿರಲಿಲ್ಲ. ನೇರವಾಗಿ ಕೇಳಿದರು, ನನಗೆ ಗೊತ್ತಿತ್ತು. ಗೊತ್ತಿಲ್ಲ ಎನ್ನುವ ಮಾತು ಸಿದ್ಧವಾಗಿಯೇ ಇತ್ತು. ಬಾಯಿ ತೆರೆದಾಗ ಅದು ಬರಲಿಲ್ಲ.

ವಾಪಸು ಬರುವಾಗಲೂ ಒಂದೇ ಗಾಡಿ. ಊರ ಹತ್ತಿರ ಕೆರೆ ಏರಿಯ ಮೇಲೆ ಗಾಡಿ ಹತ್ತಿದಾಗ ಅಣ್ಣ, "ಗೊತ್ತಿಲ್ಲ ಅನ್ನು ಅಂತ ಹೇಳಿರಲಿಲ್ವೇ ನಾನು?" ಎಂದ.

"ನೀನು ಹೇಳಿದ್ದೆ."

"ಮತ್ತೆ?"

"ಗೊತ್ತಿತ್ತಲ್ಲ ಅಣ್ಣ" ಎಂದೆ.

ತೀರ್ಪು ಬರಲು ಕೆಲವು ವಾರ ಹಿಡಿಯಿತು. ಆ ದಿನ ಅವನು ಹೊಲದ ಆಳಾಗಿರಲಿಲ್ಲ, ಬಾಡಿಗೆಗೆ ನಡೆಯುವ ಯಂತ್ರದ ಕೆಲಸಗಾರನಾಗಿದ್ದ ಎಂದು ಸಾಹೇಬರು ಬರೆದಿದ್ದರು. ಅಣ್ಣ ಅಪೀಲು ಹೋಗಲಿಲ್ಲ. ಹಣವನ್ನು ತಾಲ್ಲೂಕು ಖಜಾನೆಗೆ ಒಂದೇ ಸಲಕ್ಕೆ ಕಟ್ಟಿದ. ತೋಟ ಕಾಯುವ ಮಾತನ್ನು ಮತ್ತೆ ಆಡಲಿಲ್ಲ, ಅವರೂ ಕೇಳಲಿಲ್ಲ. ಗಂಡ ಹೆಂಡತಿ ಊರು ಬಿಟ್ಟು, ಅವಳ ತೌರಾದ ಯಗಟಿಯ ಕಡೆಗೆ ಹೋಗಿ, ಕುರಿ ಕೊಂಡರು.

ಮನೆಯಲ್ಲಿ ಅತ್ತಿಗೆ ನನ್ನ ಹತ್ತಿರ ಮಾತು ಬಿಟ್ಟರು. ತಟ್ಟೆ ಇಡುತ್ತಿದ್ದರು, ಬಡಿಸುತ್ತಿದ್ದರು, ಮಾತಿಲ್ಲ. ಉಗ್ರಾಣದ ಬೀಗದ ಕೈ ಒಂದು ದಿನ ಮೊಳೆಯ ಮೇಲೆ ಇರಲಿಲ್ಲ. ನಾನು ಅಜ್ಜಂಪುರದ ಅತ್ತೆಯವರಿಗೆ ಕಾಗದ ಬರೆದೆ. ಅವರಿಗೆ ಕಣ್ಣು ಮಂದವಾಗಿತ್ತು, ಜತೆಗೆ ಯಾರೂ ಇರಲಿಲ್ಲ. ಬಾ ಎಂದು ಬರೆಸಿದರು. ಹೋದೆ. ಅಲ್ಲಿ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಮೇಡಂ ಒಬ್ಬರು ಬೇಕಾಗಿದ್ದರು. ಆ ಕೆಲಸ ನನಗೆ ಸಿಕ್ಕಿತು, ಮುದುಕಿಯಾಗುವ ತನಕ ಮಾಡಿದೆ. ಅಣ್ಣ ಪ್ರತಿ ವರ್ಷ ಸುಗ್ಗಿಯಾದ ಮೇಲೆ ಗಾಡಿಯಲ್ಲಿ ರಾಗಿ, ತೆಂಗಿನಕಾಯಿ, ಬೆಲ್ಲ ಕಳಿಸುತ್ತಿದ್ದ. ಒಂದು ವರ್ಷವೂ ತಪ್ಪಿಸಲಿಲ್ಲ. ತಾನು ಬರಲಿಲ್ಲ.

ಮುಂದಿನ ಸುಗ್ಗಿಗೆ ಅಣ್ಣ ಎಂಜಿನ್ ಮಾರಿ ಮತ್ತೆ ಎತ್ತಿನ ಗಾಣ ಹೂಡಿದನೆಂದು ಗಾಡಿಯವನು ಹೇಳಿದ. ಬೇರೆ ಕಡೆ ಎಂಜಿನ್ ಇದ್ದ ಧಣಿಗಳು ಊರವರ ಕಬ್ಬು ಅರೆಯುವುದನ್ನು ನಿಲ್ಲಿಸಿದರಂತೆ. ಕೆಲವರು ಅರೆಯುತ್ತಲೇ ಇದ್ದರು, ಪೂಜೆಯನ್ನು ಮಾತ್ರ ತಾವೇ ಮಾಡುತ್ತಿದ್ದರು.

ಒಂದು ಬೇಸಿಗೆಯಲ್ಲಿ ನಮ್ಮ ಹಳೆಯ ಆಳು ಕುರಿ ಹೊಡೆದುಕೊಂಡು ಅಜ್ಜಂಪುರದ ಮೇಲೆ ಹೋಗುತ್ತಿದ್ದವನು ಮನೆ ಕೇಳಿಕೊಂಡು ಬಂದ. ಹೆಂಡತಿಯೂ ಜತೆಗಿದ್ದಳು. ಅವಳು ದಪ್ಪವಾಗಿದ್ದಳು, ಕಿವಿಗೆ ಓಲೆ ಹಾಕಿದ್ದಳು, ಬಂದ ಕೂಡಲೇ ಕುರಿಗಳ ಲೆಕ್ಕ, ಮರಿಗಳ ಸುದ್ದಿ ಎಲ್ಲ ಹೇಳಿದಳು. ಅವನು ಮಜ್ಜಿಗೆ ಕುಡಿದು ಜಗಲಿಯ ಮೇಲೆ ಕೂತಿದ್ದ. ಹೇಗಿದ್ದೀಯ ಎಂದು ಕೇಳಿದೆ.

"ಊಟಕ್ಕೇನೂ ಮೋಸಿಲ್ಲ ಅಕ್ಕೋರೆ" ಎಂದ. ಖಾಲಿ ಲೋಟ ಪಕ್ಕಕ್ಕಿಟ್ಟು, "ಕುರೀಗೆ ಮಾತು ಹತ್ತಲ್ಲ. ಗೌಡ್ರ ಕೆಂದೆತ್ತು ಇನ್ನೂ ಐತಾ?" ಎಂದು ಕೇಳಿದ.

"ಸುಮ್ಕಿರು, ಎತ್ತಂತೆ ಎತ್ತು" ಎಂದು ಹೆಂಡತಿ ಗದರಿದಳು. ಅವನು ಎದ್ದು ಕುರಿಗಳ ಕಡೆ ಹೋದ.

ಅದಾದ ಮೇಲೆ, ಎಷ್ಟು ವರ್ಷಕ್ಕೋ, ತರೀಕೆರೆ ಕಡೆಯಿಂದ ಒಬ್ಬ ಹೆಂಗಸು ನನ್ನನ್ನು ಹುಡುಕಿಕೊಂಡು ಬಂದಳು. ಇನ್ನೊಬ್ಬಳ ಹೆಗಲು ಹಿಡಿದು ಕುಂಟುತ್ತಿದ್ದಳು. ಯಾವುದೋ ಧಣಿಯ ಗದ್ದೆಯಲ್ಲಿ ಕಬ್ಬು ಕಡಿಯುವಾಗ ಮಚ್ಚು ಜಾರಿ ಹಿಮ್ಮಡಿಯ ಮೇಲಿನ ನರ ತುಂಡಾಗಿತ್ತು. ಗಾಯ ಮಾಗಿತ್ತು, ಪಾದ ನೆಟ್ಟಗೆ ಊರುತ್ತಿರಲಿಲ್ಲ. ಆಲೆಮನೆಯ ಮೊಕದ್ದಮೆಯ ಸುದ್ದಿ ಅವಳ ಊರಿಗೂ ಹೋಗಿತ್ತು. ನಾನು ಕಾಯಿದೆ ತಿಳಿದವಳೆಂದು ಯಾರೋ ಹೇಳಿದ್ದರು.

"ಆ ಗಾಣದ ಕುಳಿಯೋನಿಗೆ ಕೊಡಿಸಿದ್ರಂತಲ್ಲ ಅಕ್ಕೋರೆ. ನಂದೂ ಅದೇ ಕಬ್ಬಿನ ಕೆಲಸ."

ನಾನು ಅವಳನ್ನು ಕೂರಿಸಿ ಹೇಳಿದೆ. ಗದ್ದೆಯಲ್ಲಿ ಕಡಿಯುವುದು ಬೇಸಾಯ, ಅದಕ್ಕೆ ಕಾಯಿದೆ ಇಲ್ಲ. ಕಡಿದದ್ದನ್ನು ಎಂಜಿನ್ನಿಗೆ ಕೊಡುವುದು ಬೇರೆ, ಅದಕ್ಕೆ ಇದೆ, ಅದೂ ಎಲ್ಲ ಎಂಜಿನ್ನಿಗೂ ಇಲ್ಲ. ಹೇಳುತ್ತ ಹೋದಂತೆ ನನ್ನ ಮಾತು ನನಗೇ ಕಡೂರಿನ ವಕೀಲರ ಮಾತಿನಂತೆ ಕೇಳಿಸಿತು. ಅವಳು ಅಡ್ಡ ಮಾತಾಡದೆ ಕೇಳಿದಳು.

"ಅಂದ್ರೆ ಬದು ದಾಟಿ ಆಲೆಮನೆ ಒಳಕ್ಕೋಗಿ ಕಾಲು ಕಡ್ಕೋಬೇಕಾಗಿತ್ತು ಅನ್ನಿ" ಎಂದಳು.

ಜತೆಗೆ ಬಂದವಳು ನಗಲು ಹೋಗಿ ನಿಲ್ಲಿಸಿದಳು. ಇಬ್ಬರಿಗೂ ಊಟ ಹಾಕಿದೆ. ಅವಳ ಧಣಿಗೆ ಒಂದು ಕಾಗದ ಬರೆದೆ, ತಮಗೆ ತೋಚಿದ್ದನ್ನು ಮಾಡಬೇಕೆಂದು. ಉತ್ತರ ಬರಲಿಲ್ಲ. ತರೀಕೆರೆಯ ವಕೀಲರಿಗೂ ಬರೆದೆ. ಆಗ ಅವರ ಕೈತುಂಬ ಕೆಲಸವಿತ್ತು. ಆದರೂ ಕೂಡಲೇ ಉತ್ತರ ಕೊಟ್ಟರು. ಮಾಡಲು ಏನೂ ಇಲ್ಲವೆಂದೂ, ಹೊಲದವರಿಗೂ ಒಂದು ಕಾಯಿದೆ ಬೇಕೆಂದು ಬಹಳ ಜನ ಹೇಳುತ್ತಿದ್ದಾರೆಂದೂ, ಯಾವಾಗ ಬರುತ್ತದೋ ತಿಳಿಯದೆಂದೂ ಬರೆದಿದ್ದರು.

ಆ ಹೆಂಗಸು ಊರಿಗೆ ಹೋಗಿ, ಮಳೆಗಾಲ ಕಳೆದ ಮೇಲೆ ಮತ್ತೆ ಬಂದಳು. ಈ ಸಲ ಗಂಟು ಕಟ್ಟಿಕೊಂಡು ಬಂದಿದ್ದಳು. ನಿಂತು ಮಾಡುವ ಕೆಲಸ ಆಗುವುದಿಲ್ಲ, ಕೂತು ಮಾಡುವುದು ಏನಾದರೂ ಇದ್ದರೆ ಹೇಳಿ ಎಂದಳು. ಅಜ್ಜಂಪುರದಲ್ಲಿ ಆಗ ಒಬ್ಬ ವ್ಯಾಪಾರಿ ರೈಲು ಸ್ಟೇಷನ್ನಿನ ಹತ್ತಿರ ಕಡಲೆಕಾಯಿ ಮಂಡಿ ಇಟ್ಟಿದ್ದ. ಅವನ ಮಗಳು ನನ್ನ ಸ್ಕೂಲಿನಲ್ಲಿ ಓದುತ್ತಿದ್ದಳು. ಹೋಗಿ ಮಾತಾಡಿದೆ. ಅಂಗಳದಲ್ಲಿ ಕೂತು ಬೀಜ ಆರಿಸುವ ಹೆಂಗಸರ ಜತೆ ಇವಳನ್ನೂ ಸೇರಿಸಿಕೊಂಡ. ಒಳಗಿನ ಕೊಠಡಿಯಲ್ಲಿ ಸಿಪ್ಪೆ ಸುಲಿಯುವ ಯಂತ್ರವೊಂದು ಸದ್ದು ಮಾಡುತ್ತಿತ್ತು.

ಕೆಲವು ದಿನ ಕಳೆದು, ಸ್ಕೂಲು ಬಿಟ್ಟು ಆ ಕಡೆ ಹೋಗಿದ್ದಾಗ ಅವಳು ಮೊರ ಕೆಳಗಿಟ್ಟು ಕರೆದಳು. ಕೂದಲಿನ ತುಂಬ ಕಡಲೆಕಾಯಿಯ ಧೂಳು.

"ಅಕ್ಕೋರೆ, ಒಂದು ಕೇಳ್ಬೇಕು. ಇದು ಹೊಲದ ಕೆಲಸಾನಾ, ಕಾರ್ಖಾನೆ ಕೆಲಸಾನಾ?"

ಅವಳು ತಮಾಷೆಗೆ ಕೇಳಿರಲಿಲ್ಲ. ನಾನು ಅಂಗಳವನ್ನೂ ಒಳಗಿನ ಕೊಠಡಿಯನ್ನೂ ನೋಡಿದೆ. ನಡುವೆ ಒಂದು ಬಾಗಿಲು ಮಾತ್ರ ಇತ್ತು, ಅದೂ ತೆರೆದಿತ್ತು. ಗೊತ್ತಿಲ್ಲ, ವಿಚಾರಿಸಿ ಹೇಳುತ್ತೇನೆ ಎಂದೆ. ಆ ಸಲ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.